ಚಿನ್ನ ಮಾತ್ರೆ

ಬಿಸಿ ತಟ್ಟೆಯ ಮೇಲೆ ಇಲಿ ಬಿಟ್ಟು ಗಡಿಯಾರ ಒತ್ತುವ ಕೆಲಸವನ್ನು ಗುರುಚರಣ ತಾನೇ ಮಾಡಬೇಕಾದ ಕಾಲ ಎಂದೋ ಮುಗಿದಿತ್ತು. ಔಷಧಶಾಸ್ತ್ರದ ಪ್ರೊಫೆಸರ್ ಎಂದು ಬಾಗಿಲ ಮೇಲೆ ಹಲಗೆಯಿದೆ, ಕೈಕೆಳಗೆ ಮೂವರು ಸಂಶೋಧನಾ ವಿದ್ಯಾರ್ಥಿಗಳಿದ್ದಾರೆ. ಆದರೂ ಈಚೆಗೆ ಅವನು ಕಾಲೇಜಿಗೆ ಬಂದವನೇ ನೆಲಮಾಳಿಗೆಯ ಪ್ರಾಣಿಗಳ ಕೋಣೆಗೆ ಇಳಿದು ಅವರಲ್ಲೊಬ್ಬಳಾದ ತನುಶ್ರೀಯ ಪಕ್ಕದ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದ. ಐವತ್ತೈದು ಡಿಗ್ರಿಗೆ ಕಾಯಿಸಿದ ತಟ್ಟೆ, ಸುತ್ತ ಗಾಜಿನ ಗೋಡೆ, ಒಳಗೆ ಬಿಳಿ ಇಲಿ. ಅದು ಹಿಂಗಾಲೆತ್ತಿ ನೆಕ್ಕಿಕೊಂಡ ಕ್ಷಣ ಗಡಿಯಾರ ನಿಲ್ಲಿಸಬೇಕು. ಔಷಧ ಕೊಡದ ಇಲಿ ಆರೇಳು ಸೆಕೆಂಡಿಗೆ ನೆಕ್ಕುತ್ತದೆ, ಕೊಟ್ಟದ್ದು ಹದಿನಾಲ್ಕು ಹದಿನೈದರವರೆಗೆ ತಡೆಯುತ್ತದೆ. ಇಪ್ಪತ್ತಾದರೂ ನೆಕ್ಕದಿದ್ದರೆ ಕೈಹಾಕಿ ಎತ್ತಿಬಿಡಬೇಕು, ಇಲ್ಲವಾದರೆ ನೋವು ಗೊತ್ತಾಗದೆಯೇ ಪಾದ ಸುಟ್ಟುಹೋಗುತ್ತದೆ, ನಿಯಮ ಅದು. ಇಲ್ಲಿ ನೋವಿಗೆ ಒಂದು ಸಂಖ್ಯೆಯಿತ್ತು, ಅದನ್ನು ಪುಸ್ತಕದಲ್ಲಿ ಬರೆದು ಮುಂದಿನ ಇಲಿಗೆ ಕೈಹಾಕಬಹುದಿತ್ತು. ಮನೆಯಲ್ಲಿ ಅದಕ್ಕೆ ಅಮ್ಮನ ಮುಖವಿತ್ತು. ಅಲ್ಲಿಂದ ತಪ್ಪಿಸಿಕೊಂಡು ಇಲ್ಲಿಗೆ ಬರುತ್ತಿದ್ದೇನೆ ಎಂಬುದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಬರುತ್ತಿದ್ದ.

ಹೊರಡುವಾಗ ಇವತ್ತೂ ಕೇಳಿದ್ದ, ಹೇಗಿದೆ ಅಮ್ಮ ಎಂದು. "ಇದೆಯಪ್ಪ" ಎಂದಿದ್ದಳು ಗೋದಾಬಾಯಿ. ಅಷ್ಟೇ. ನಾಲ್ಕು ದಿನದಿಂದ ಮಗನೊಡನೆ ಅವಳ ಮಾತು ಆ ಒಂದು ಪದಕ್ಕೆ ಇಳಿದಿತ್ತು. ಎಪ್ಪತ್ತೊಂಬತ್ತರ ಮೈ. ಮೂರು ವಾರದ ಹಿಂದೆ ಎಡ ಪಕ್ಕೆಗೆ ಸರ್ಪಸುತ್ತು ಎದ್ದಿತು. ಗುಳ್ಳೆಗಳೇನೋ ಬಾಡಿದವು, ಉರಿ ಮಾತ್ರ ಒಳಗೇ ಉಳಿಯಿತು. ರವಿಕೆ ತಾಗಿದರೆ ಉರಿ, ಫ್ಯಾನಿನ ಗಾಳಿ ತಾಗಿದರೆ ಉರಿ. ಕೋಡಂಬಾಕ್ಕದ ಆ ಫ್ಲ್ಯಾಟಿನಲ್ಲಿ ಅವಳ ಮಂಚ ಗೋಡೆಗೆ ಹೊಂದಿಕೊಂಡಿದೆ. ಎಡಕ್ಕೆ ಗೋಡೆ, ಬಲಕ್ಕೆ ಮನೆ. ಎಡ ಮಗ್ಗುಲನ್ನು ಹಾಸಿಗೆಗೆ ತಾಗಿಸಲಾರದೆ ಹಗಲೂ ರಾತ್ರಿಯೂ ಬಲಕ್ಕೇ ಮಲಗಿರುತ್ತಾಳೆ, ಹಾಗಾಗಿ ಮುಖ ಯಾವಾಗಲೂ ಮನೆಯ ಕಡೆಗೇ. ಯಾರು ಬಂದರೂ ಹೋದರೂ ಆ ಕಣ್ಣುಗಳ ಮುಂದೆಯೇ ಹಾಯಬೇಕು. ನರಳುವವಳಲ್ಲ, ಹಲ್ಲು ಕಚ್ಚಿಕೊಂಡು ನೋಡುತ್ತಾಳೆ. ಶೂ ಹಾಕಿಕೊಳ್ಳಲು ಬಗ್ಗಿದಾಗ ಆ ನೋಟ ಬೆನ್ನ ಮೇಲಿದೆ ಅನ್ನಿಸಿ, ಅವನು ಲೇಸನ್ನು ಸರಿಯಾಗಿ ಕಟ್ಟದೆ ಮೆಟ್ಟಿಲಿಳಿದಿದ್ದ.

ಮೊದಲ ವಾರ ಹೀಗಿರಲಿಲ್ಲ. ಡಾಕ್ಟರು ಬರೆದುಕೊಟ್ಟ ಟ್ರಮಡಾಲ್ ಎರಡನೆಯ ದಿನಕ್ಕೇ ಹಿಡಿದಿತ್ತು. ಅಮ್ಮ ಎಡಕ್ಕೂ ಹೊರಳುತ್ತಿದ್ದಳು, ಸಾರಿಗೆ ಉಪ್ಪು ಕಡಿಮೆಯೆಂದು ಸೊಸೆಯ ಮೇಲೆ ದೂರುವಷ್ಟು ಚೇತರಿಸಿಕೊಂಡಿದ್ದಳು. ಆದರೆ ತಿಂದದ್ದು ನಿಲ್ಲುತ್ತಿರಲಿಲ್ಲ, ಹೊತ್ತು ಹೊತ್ತಿಗೂ ವಾಂತಿ. ವಾಂತಿಯಾದರೆ ಅದಕ್ಕೇನಾದರೂ ನೀವೇ ಕೊಡಿ, ನಿಮಗೆ ನಾನು ಹೇಳಬೇಕೇ ಎಂದು ಡಾಕ್ಟರು ಮೊದಲೇ ನಕ್ಕಿದ್ದರು. ಆ ಮಾತಿಗೆ ಗುರುಚರಣ ಒಳಗೊಳಗೇ ಉಬ್ಬಿದ್ದ. ಅವನಿಗೆ ಎಂ.ಬಿ.ಬಿ.ಎಸ್. ಇರಲಿಲ್ಲ, ನೆಂಟರ ಮದುವೆಗಳಲ್ಲಿ ಇವನು ಇಲಿ ಡಾಕ್ಟರು. ವಾಂತಿ ಹೆಚ್ಚಾದ ದಿನ ಸಂಜೆಯೇ ಔಷಧದಂಗಡಿಗೆ ಹೋಗಿ, ಚೀಟಿಯಿಲ್ಲದೆ, ಹೆಸರು ಹೇಳಿ ಚಿಕ್ಕ ಬಿಳಿ ಮಾತ್ರೆ ತಂದ. ಕಾಲೇಜಿನ ಕ್ಯಾಂಟೀನಿನ ಊಟ ಕೆಟ್ಟಾಗಲೆಲ್ಲ ತಾನೇ ನುಂಗುವ ಮಾತ್ರೆ. ದಿನಕ್ಕೆ ಮೂರು. ವಾಂತಿ ಕೈಯಲ್ಲಿ ತೆಗೆದುಹಾಕಿದಂತೆ ನಿಂತಿತು. ಎರಡು ದಿನ ಬಿಟ್ಟು ಉರಿ ಮೊದಲಿನ ಹಾಗೇ ಆಯಿತು.

"ಚಿನ್ನ ಮಾತ್ರೆ ಬಂದ ದಿವಸದಿಂದ ದೊಡ್ಡ ಮಾತ್ರೆ ಬಾಯೇ ಬಿಡ್ತಿಲ್ಲ ಗುರು," ಎಂದಿದ್ದಳು ಅಮ್ಮ. "ಎರಡಕ್ಕೂ ಆಗಿಬರಲ್ಲ ಅಂತ ತೋರತ್ತೆ."

"ಅತ್ತೆ ಸೊಸೇನಾಮ್ಮ ಅವು, ಆಗಿಬರದೆ ಇರೋಕೆ?" ಎಂದು ಅವನು ನಕ್ಕಿದ್ದ. ಅಡಿಗೆಮನೆಯಲ್ಲಿದ್ದ ಹೆಂಡತಿ ವೃಂದಾ ನಗಲಿಲ್ಲ.

ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿರುವ ಮನೆ. ಕನ್ನಡದ ಮಾತಿನೊಳಗೆ ತಮಿಳು ಎಲ್ಲಿ ಬಂತು, ಎಲ್ಲಿ ಹೋಯಿತು ಎಂಬುದು ಆಡುವವರಿಗೇ ತಿಳಿಯುವುದಿಲ್ಲ. ಒಡವೆಗೆ ಇವರು ಬಂಗಾರವೆನ್ನುತ್ತಾರೆ. ಚಿನ್ನವೆಂದರೆ ತಮಿಳಿನ ಚಿನ್ನ, ಚಿಕ್ಕದು. ಚಿನ್ನ ತಟ್ಟೆ, ಚಿನ್ನ ರೂಮು, ಚಿನ್ನ ಮಾತ್ರೆ. ಮರುದಿನ ಟೀ ಹೊತ್ತಿಗೆ ಗುರುಚರಣ ಅಮ್ಮನ ಮಾತನ್ನು ಅಮ್ಮನ ದನಿಯಲ್ಲೇ ವಿದ್ಯಾರ್ಥಿಗಳಿಗೆ ಆಡಿತೋರಿಸಿದ. ತಮಿಳು ಹುಡುಗರಿಬ್ಬರೂ ಅರ್ಧ ಹಿಡಿದುಕೊಂಡು ನಕ್ಕರು, ಮಂಡ್ಯದ ಕಡೆಯಿಂದ ಎಂಟು ತಿಂಗಳ ಹಿಂದೆ ಬಂದ ತನುಶ್ರೀ ಅವರು ನಕ್ಕರೆಂದು ನಕ್ಕಳು. ಎರಡು ಔಷಧಗಳ ಜಗಳಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ಇಲ್ಲವೆಂದು ಅವನು ಸೇರಿಸಿದ್ದ. ಹೌದು, ಅದನ್ನೂ ಹೇಳಿದ್ದ. ಅಮ್ಮನನ್ನು ನಗೆಪಾಟಲು ಮಾಡಿದೆನಲ್ಲ ಎಂದು ಆಮೇಲೆ ಒಂದಿಷ್ಟು ಕಸಿವಿಸಿಯಾಯಿತು. ಟೀ ಮುಗಿಯುವುದರೊಳಗೆ ಅದೂ ಹೋಯಿತು.

ಮಾತ್ರೆ ಹೊಟ್ಟೆಗೆ ಹೋಗುತ್ತಿದ್ದರೆ ನೋವು ಹೋಗಬೇಕು. ನೋವು ಹೋಗುತ್ತಿಲ್ಲವಾದ್ದರಿಂದ ಮಾತ್ರೆ ಹೊಟ್ಟೆಗೆ ಹೋಗುತ್ತಿಲ್ಲ. ಇಷ್ಟು ನೇರವಾದ ತರ್ಕ ಅವನ ಪ್ರಬಂಧಗಳಲ್ಲೂ ಇರಲಿಲ್ಲ. ಆ ದೊಡ್ಡ ಮಾತ್ರೆಗೆ ಬೀದಿಯಲ್ಲಿ ಗಿರಾಕಿಗಳಿದ್ದಾರೆ, ಹುಡುಗರು ಅಮಲಿಗೆಂದು ನುಂಗುತ್ತಾರೆ ಎಂದು ಪೇಪರಿನಲ್ಲಿ ಓದಿದ್ದ. ಹಗಲು ಅಮ್ಮನನ್ನು ನೋಡಿಕೊಳ್ಳುವ ಅಂಜಲೈ ಕಾಸಿಮೇಡಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಮೀನಿನ ಬಂದರಿನ ಕಡೆಯ ಹೆಂಗಸು ಮಾಧ್ವರ ಮನೆಯೊಳಗೆ ಎಂದು ಮೊದಲೆರಡು ದಿನ ಮುಖ ಸಿಂಡರಿಸಿದ್ದ ಅಮ್ಮ ಮೂರನೆಯ ದಿನಕ್ಕೆ ಅವಳ ಕೈಯಲ್ಲೇ ತಲೆ ಬಾಚಿಸಿಕೊಳ್ಳುತ್ತಿದ್ದಳು. ಸರ್ಪಸುತ್ತಿಗೆ ತಮಿಳಿನಲ್ಲಿ ಅಕ್ಕಿಯೆನ್ನುತ್ತಾರೆ, ಕುಂಬಾರರನ್ನು ಕರೆಸಿ ಕಾವಿಮಣ್ಣಿನಲ್ಲಿ ಮೈಮೇಲೆ ಬರೆಸಿದರೆ ಇಳಿಯುತ್ತದೆ ಎಂದು ಅಂಜಲೈ ಹೇಳಿದಾಗ, ಅಮ್ಮ ಉರಿಯ ನಡುವೆಯೂ ನಕ್ಕಿದ್ದಳು: "ನಂಗೆ ಅಕ್ಕಿ ಬಂದಿದೆಯಂತೆ ವೃಂದಾ, ರೇಷನ್ ಬೇಡ ಬಿಡು." ಆ ನಗುವನ್ನು ಮುಗಿಸಿದವನು ಇವನೇ. ಒಂದು ಸಂಜೆ ಅಂಜಲೈ ಹೊರಟು ಚಪ್ಪಲಿಗೆ ಕಾಲು ಹಾಕುವಾಗ ಬಾಗಿಲಲ್ಲಿ ನಿಂತು, ಮಾತ್ರೆಗಳೆಲ್ಲ ಅಮ್ಮನಿಗೇ ಹೋಗುತ್ತಿವೆಯಾ ಎಂದು ತಮಿಳಿನಲ್ಲಿ ಕೇಳಿದ. ಬಹಳ ಮರ್ಯಾದೆಯಿಂದಲೇ ಕೇಳಿದ, ಅದು ಇನ್ನೂ ಕೆಟ್ಟದ್ದು.

ಅಂಜಲೈ ಮೊದಲು ಅರ್ಥವಾಗದವಳಂತೆ ನೋಡಿದಳು. ಅರ್ಥವಾದ ಮೇಲೆ ಒಳಗೆ ಬಂದು, ಅಮ್ಮನ ಮಂಚದ ಮುಂದೆ ಕೂತು, ಕೈಚೀಲವನ್ನು ನೆಲದ ಮೇಲೆ ಕೊಡವಿದಳು. ತೊಳೆದ ಊಟದ ಡಬ್ಬಿ, ಒಂದು ಟವೆಲ್, ಬಾಚಣಿಗೆ, ಎಲೆ ಅಡಿಕೆಯ ಪೊಟ್ಟಣ, ಬಸ್ ಟಿಕೆಟ್ಟುಗಳು. "ಪಾತ್ತುಕ್ಕೋಂಗ ಸಾರ್," ಎಂದಳು, ನೋಡಿಕೊಳ್ಳಿ ಎಂದು. ಗುರುಚರಣ ನೋಡಲಿಲ್ಲ, ಬೇಡಮ್ಮ, ಬೇಡಮ್ಮ ಎನ್ನುತ್ತ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದ. ತಾನು ನೋಡಲಿಲ್ಲವೆಂಬುದನ್ನೇ ಆಮೇಲೆ ಒಂದು ದೊಡ್ಡತನದಂತೆ ನೆನೆದುಕೊಂಡ. ಅವಳು ಒಂದೊಂದನ್ನೇ ಎತ್ತಿ ಚೀಲಕ್ಕೆ ಹಾಕಿಕೊಂಡು ಹೋದಳು, ಮರುದಿನ ಬರಲಿಲ್ಲ. ವೃಂದಾ ಇನ್ಶೂರೆನ್ಸ್ ಆಫೀಸಿಗೆ ರಜೆ ಹಾಕಿ ಕೂತಳು. ಅಮ್ಮ ಇದೆಯಪ್ಪ ಎನ್ನಲು ಶುರುಮಾಡಿದಳು.

"ಸರ್, ತಪ್ ತಿಳ್ಕಬೇಡಿ, ಒಂದ್ ಮಾತ್ ಕೇಳ್ತೀನಿ," ಎಂದಳು ತನುಶ್ರೀ. ಒಂಬತ್ತನೆಯ ಇಲಿ ಅವಳ ಅಂಗೈಯಲ್ಲಿತ್ತು. ಅವಳ ಕಣ್ಣು ಇಲಿಯ ಮೇಲೇ ಇತ್ತು. "ಒಂದ್ ವಾರದಿಂದ ಕೇಳನ ಅಂತಿದ್ದೆ. ಅಮ್ಮೋರ್ಗೆ ಚಿನ್ನದ ಮಾತ್ರೆ ಕೊಡ್ತಿದೀನಿ ಅಂದ್ರಲ್ಲ, ಅದ್ನ ಯಾವ ಪಂಡಿತ್ರತ್ರ ತಂದ್ರಿ? ನಮ್ಮಜ್ಜಿಗೂ ಸರ್ಪಸುತ್ತು ಆಗದೆ. ಭಸ್ಮ ಸಿಕ್ಕುದ್ರೆ ಊರಿಗ್ ಕಳ್ಸನ ಅಂತ."

ಅವನಿಗೆ ತಕ್ಷಣ ಹೊಳೆಯಲಿಲ್ಲ. ಹೊಳೆದ ಮೇಲೆ, ಎಷ್ಟೋ ದಿನಗಳ ನಂತರ ಮೊದಲ ಸಲ, ನಿಜವಾಗಿ ನಗು ಬಂತು. "ಚಿನ್ನ ಅಲ್ಲಮ್ಮ, ಚಿಕ್ಕದು. ನಮ್ಮನೆ ಕನ್ನಡ ಹಾಗೆ, ಅರ್ಧ ತಮಿಳು. ಅದು ವಾಂತಿ ಮಾತ್ರೆ, ಒಂಡಾನ್ಸೆಟ್ರಾನ್."

"ಮತ್ತೆ ದೊಡ್ಡುದು?" ಎನ್ನುತ್ತ ಅವಳು ಇಲಿಯನ್ನು ತಟ್ಟೆಯ ಮೇಲೆ ಬಿಟ್ಟು ಗಡಿಯಾರ ಒತ್ತಿದಳು.

"ಟ್ರಮಡಾಲ್" ಎಂದ. ಎರಡು ಹೆಸರುಗಳನ್ನೂ ಅವನು ಹನ್ನೊಂದು ದಿನದಲ್ಲಿ ಒಮ್ಮೆಯೂ ಒಟ್ಟಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಮನೆಯಲ್ಲಿ ಅವು ಚಿನ್ನದು ಮತ್ತು ದೊಡ್ಡದು. ಈಗ ಈ ಕೋಣೆಯಲ್ಲಿ, ಗಂಜಲದ ವಾಸನೆಯ ನಡುವೆ, ಹೆಸರುಗಳು ಒಂದರ ಪಕ್ಕ ಒಂದು ಬಂದು ನಿಂತವು. ತನುಶ್ರೀಯ ಕೈ ನಿಂತಿತು. ಅವಳು ಅವನ ಥೀಸಿಸ್ ಓದಿಯೇ ಈ ಕಾಲೇಜಿಗೆ ಬಂದವಳು, ಸಂದರ್ಶನದಲ್ಲಿ ಹಾಗೆಂದು ಹೇಳಿ ಅವನನ್ನು ಗೆದ್ದವಳು. ನೀಲಿ ರಟ್ಟಿನ ಆ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ, ಸೆರೊಟೋನಿನ್ನಿನ ಬಾಗಿಲು ಮುಚ್ಚಿದ ಇಲಿಗಳಿಗೆ ನೋವಿನ ಔಷಧ ಕೊಟ್ಟರೆ ಏನಾಗುತ್ತದೆಂಬ ಕೋಷ್ಟಕವಿದೆ. ಹದಿನೈದು ಸೆಕೆಂಡು ತಡೆಯಬೇಕಾದ ಇಲಿ ಒಂಬತ್ತಕ್ಕೆ ನೆಕ್ಕಿತ್ತು. ಅವಳು ತಲೆಯೆತ್ತಲಿಲ್ಲ. ಕಿವಿ ಮಾತ್ರ ಕೆಂಪಾಯಿತು. ಗುರುವಿನ ಮಾನವನ್ನು ಕಾಪಾಡಬೇಕಾಗಿ ಬಂದ ಹುಡುಗಿಯ ಆ ಕೆಂಪು ಕಿವಿಯನ್ನು ಅವನು ನೋಡುತ್ತ ಕೂತ. ಅವಳೇ ಮೊದಲು ಎಚ್ಚೆತ್ತು ಇಲಿಯನ್ನು ಬಾಚಿ ಎತ್ತಿದಳು. ಗಡಿಯಾರದಲ್ಲಿ ಇಪ್ಪತ್ತನಾಲ್ಕಾಗಿತ್ತು. ಗೂಡಿಗೆ ಬಿಟ್ಟ ಮೇಲೆ ಅದು ಮೂಲೆಗೆ ಹೋಗಿ ನಾಲ್ಕೂ ಪಾದಗಳನ್ನು ಸರದಿಯಲ್ಲಿ ನೆಕ್ಕತೊಡಗಿತು.

ಲೋಕಲ್ ರೈಲಿನಲ್ಲಿ ಮಧ್ಯಾಹ್ನ ಸೀಟು ಸಿಗುತ್ತದೆ. ಕಿಟಕಿಗೆ ತಲೆ ಆನಿಸಿ ಗುರುಚರಣ ಪಾಠ ಒಪ್ಪಿಸಿಕೊಂಡ, ತರಗತಿಯಲ್ಲಿ ಇಪ್ಪತ್ತು ವರ್ಷ ಹೇಳಿದ ಪಾಠ. ನೋವು ಮೇಲಕ್ಕೆ ಹತ್ತುವುದಷ್ಟೇ ಅಲ್ಲ, ಮೆದುಳಿನ ಬುಡದಿಂದ ಕೆಳಕ್ಕೆ ಒಂದು ಆಜ್ಞೆಯೂ ಇಳಿಯುತ್ತದೆ, ಸಾಕು ನಿಲ್ಲಿಸು ಎಂದು. ಅಫೀಮಿನ ಜಾತಿಯ ಔಷಧ ಆ ಆಜ್ಞೆಯ ಕಟ್ಟು ಬಿಚ್ಚುತ್ತದೆ. ಆಜ್ಞೆಯನ್ನು ಹೊತ್ತು ಬೆನ್ನುಹುರಿಗೆ ಇಳಿಯುವವು ಬೇರೆ, ನಾರ್ಅಡ್ರಿನಲಿನ್, ಸೆರೊಟೋನಿನ್. ಅಮ್ಮನ ದೊಡ್ಡ ಮಾತ್ರೆ ಎರಡೂ ಕೆಲಸ ಮಾಡುವಂಥದ್ದು, ಕಟ್ಟೂ ಬಿಚ್ಚುತ್ತದೆ, ಹೊರುವವರನ್ನೂ ಹೆಚ್ಚಿಸುತ್ತದೆ. ಆದರೆ ಈ ಸೆರೊಟೋನಿನ್ ಒಂದು ಮನೆಯದ್ದಲ್ಲ. ಬೆನ್ನುಹುರಿಯಲ್ಲಿ ನೋವು ತಡೆಯುವುದೇ ಇನ್ನೊಂದು ಕಡೆ ವಾಂತಿ ಬರಿಸುತ್ತದೆ, ಎರಡು ಕಡೆಯೂ ಅದಕ್ಕೆ ಒಂದೇ ಬಗೆಯ ಬಾಗಿಲು. ಚಿಕ್ಕ ಮಾತ್ರೆ ಬಂದು ಬಾಗಿಲು ಹಾಕುತ್ತದೆ, ವಾಂತಿಯ ಬಾಗಿಲಾವುದು ನೋವಿನ ಬಾಗಿಲಾವುದು ಎಂದು ಕೇಳುವುದಿಲ್ಲ. ಎಲ್ಲರಲ್ಲೂ ಹೀಗಾಗುವುದಿಲ್ಲ, ಕೆಲವರಲ್ಲಿ ಆಗುತ್ತದೆ ಎಂದು ತನ್ನ ಪರವಾಗಿ ಒಂದು ಮಾತು ಹುಡುಕಿದ. ಆಗದೆಯೂ ಇರಬಹುದಿತ್ತು ಎಂಬುದರಿಂದ ಏನೂ ಸಮಾಧಾನ ಸಿಗಲಿಲ್ಲ. ಗೊತ್ತಿಲ್ಲದವನು ತಪ್ಪುಮಾಡಿದರೆ ಅಯ್ಯೋ ಪಾಪ ಅನ್ನಬಹುದು. ಇವನಿಗೆ ಗೊತ್ತಿತ್ತು, ಇಲಿಗಳ ಬಗ್ಗೆ ಗೊತ್ತಿತ್ತು, ಅಮ್ಮನ ಬಗ್ಗೆ ಗೊತ್ತಿರಲಿಲ್ಲ. ಓದುಬರಹ ಎಂಟನೆಯ ಕ್ಲಾಸಿಗೆ ಮುಗಿಸಿದ ಹೆಂಗಸು ತನ್ನ ಮೈಯನ್ನು ಓದಿ ಹೇಳಿದ್ದನ್ನು ಅವನು ಟೀ ಜೊತೆ ಹಂಚಿ ತಿಂದಿದ್ದ. ನಾಚಿಕೆ ಎಂಬುದು ಇಷ್ಟು ದಣಿವಿನ ಕೆಲಸವೆಂದು ಅವನಿಗೆ ತಿಳಿದಿರಲಿಲ್ಲ.

ಕೋಡಂಬಾಕ್ಕಂ ಬಂತು, ಅವನು ಏಳಲಿಲ್ಲ. ಇದೇ ರೈಲು ಬೀಚ್ ಸ್ಟೇಷನ್ನಿಗೆ ಹೋಗುತ್ತದೆ, ಅಲ್ಲಿಂದ ಆಟೋ ಹಿಡಿದರೆ ಕಾಸಿಮೇಡು. ಅಂಜಲೈಯ ಮನೆ ಗೊತ್ತಿಲ್ಲ, ವಿಚಾರಿಸಿದರೆ ಯಾರಾದರೂ ತೋರಿಸುತ್ತಾರೆ. ತೋರಿಸಿದ ಮೇಲೆ? ಬೀದಿಯಲ್ಲಿ ನಾಲ್ಕು ಜನ ಸೇರುತ್ತಾರೆ, ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಾಳೆ. ಅಷ್ಟು ಜನರ ನಡುವೆ ಸೆರೊಟೋನಿನ್ನಿನ ಕತೆ ಹೇಳುವುದು ಹೇಗೆ? ಎಗ್ಮೋರಿನಲ್ಲಿ ಇಳಿದ. ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ, ಊರಿಗೆ ಹೊರಟವರ ಸೂಟ್‌ಕೇಸುಗಳ ನಡುವೆ, ತನಗೂ ಎಲ್ಲಿಗೋ ಹೋಗಲಿದೆಯೆಂಬಂತೆ ಅರ್ಧ ಗಂಟೆ ಕೂತ. ಆಮೇಲೆ ಹಿಂದಿರುಗುವ ರೈಲು ಹತ್ತಿದ.

ಮನೆಯ ಕೆಳಗಿನ ಔಷಧದಂಗಡಿಯಲ್ಲಿ ವಾಂತಿಗೆ ಬೇರೊಂದು ಮಾತ್ರೆ ಕೊಂಡ, ಈ ಜಗಳಕ್ಕೆ ಸಂಬಂಧಪಡದ್ದು. ಮೆಟ್ಟಿಲ ತಿರುವಿನಲ್ಲಿ ನಿಂತು ಹಳೆಯದನ್ನು ಹೇಗೆ ತೆಗೆಯಬೇಕೆಂದು ಯೋಚಿಸಿಟ್ಟುಕೊಂಡ. ವೃಂದಾ ಸ್ನಾನಕ್ಕೆ ಹೋದಾಗ ಮಾತ್ರೆ ಡಬ್ಬಿಯ ಮುಚ್ಚಳ ತೆರೆದು, ಚಿಕ್ಕ ಬಿಳಿ ಮಾತ್ರೆಗಳನ್ನೆಲ್ಲ ಆಯ್ದು ಕಿಸೆಗೆ ಹಾಕಿಕೊಂಡು, ಆ ಜಾಗದಲ್ಲಿ ಹೊಸವನ್ನು ತುಂಬಿದ. ತನ್ನ ಮನೆಯಲ್ಲಿ ತಾನೇ ಮಾತ್ರೆ ಕದಿಯುತ್ತಿದ್ದೇನೆ ಎಂಬುದು ಮುಚ್ಚಳ ಹಾಕುವಾಗ ಹೊಳೆಯಿತು. ಅಮ್ಮ ಮಂಚದಿಂದ ನೋಡುತ್ತಿದ್ದಳು. ರಾತ್ರಿಯೂಟದ ಮುಂಚೆ ಅಂಗೈಗೆ ಹಾಕಿದಾಗ ಬೆರಳಿನಿಂದ ಹೊರಳಿಸಿ ನೋಡಿ, "ಚಿನ್ನದು ಬೇರೆ ಇದೆಯಲ್ಲ" ಎಂದಳು.

"ಕಂಪನಿ ಬೇರೆ ಅಮ್ಮ. ಔಷಧ ಅದೇ."

ಅವಳು ನುಂಗಿ ನೀರು ಕುಡಿದಳು. ಇಷ್ಟೇ ಸಾಕು ಎಂದು ಅವನು ತನಗೆ ಹೇಳಿಕೊಂಡ. ನೋವು ಹೋದರೆ ಆಯಿತು, ಯಾಕೆ ಹೋಯಿತೆಂದು ಯಾರು ಕೇಳುತ್ತಾರೆ? ತನುಶ್ರೀ ಬಾಯಿಬಿಡುವವಳಲ್ಲ. ವೃಂದಾ ಮಾತ್ರ ಮಲಗುವ ಮುನ್ನ, "ನನ್ನ ರಜೆ ನಾಳೆಗೆ ಮುಗೀತು ರೀ. ಬೇರೆ ಹೆಂಗಸು ಎಲ್ಲಾದ್ರೂ ಸಿಗ್ತಾಳಾ ನೋಡಿ," ಎಂದಳು. ದೀಪ ಆರಿಸುತ್ತ, "ಅಂಜಲೈಯಷ್ಟು ಚೆನ್ನಾಗಿ ನೋಡ್ಕೊಳ್ಳೋರು ಸಿಗಲ್ಲ, ಅದು ಬಿಡಿ," ಎಂದು ಸೇರಿಸಿದಳು.

ಮರುದಿನ ಅವನು ಕಾಲೇಜಿಗೆ ಹೋಗಲಿಲ್ಲ. ಬೆಳಗಿನ ದೊಡ್ಡ ಮಾತ್ರೆಯಾದ ಮೇಲೆ ಅಮ್ಮ ನಿದ್ದೆಹೋದಳು. ಹನ್ನೊಂದು ದಿನದಲ್ಲಿ ಅವಳ ಹುಬ್ಬು ಬಿಚ್ಚಿಕೊಂಡದ್ದನ್ನು ಅವನು ಕಂಡಿರಲಿಲ್ಲ. ಕುರ್ಚಿ ಎಳೆದುಕೊಂಡು ಎದುರು ಕೂತ. ಬಾಯಿ ಸ್ವಲ್ಪ ತೆರೆದಿತ್ತು, ಸೆರಗು ಎಡ ಪಕ್ಕೆಯ ಮೇಲೆ ಬಿದ್ದಿತ್ತು, ಅವಳು ಅದನ್ನು ತಳ್ಳಲಿಲ್ಲ. ಫ್ಯಾನು ತಿರುಗುತ್ತಿತ್ತು. ಅವನಿಗೆ ಅಳು ಬಂತು, ಸುಖಕ್ಕೇ ಬಂತು, ಮತ್ತು ಈ ಸುಖವನ್ನು ಅವಳಿಗೆ ಹನ್ನೊಂದು ದಿನ ತಪ್ಪಿಸಿದೆನಲ್ಲ ಎಂದೂ ಬಂತು. ಎರಡು ಗಂಟೆಗೆ ಅವಳು ಕಣ್ಣು ತೆರೆದು ಅವನನ್ನು ಗುರುತಿಸಿ, ನಾಲ್ಕು ದಿನದ ಬಿಗುವೆಲ್ಲ ಮರೆತವಳಂತೆ ನಕ್ಕಳು.

"ಉರಿ ಇಲ್ಲ ಕ‌ಣೋ ಗುರು. ಇದೆ, ಆದ್ರೆ ಬೇರೆಯವರ ಮನೇಲಿ ಇದ್ದ ಹಾಗಿದೆ. ದೊಡ್ಡ ಮಾತ್ರೆ ಬಾಯಿ ಬಿಡ್ತು ನೋಡು."

"ಒಳ್ಳೇದಾಯ್ತಮ್ಮ."

"ನಿನ್ನ ಮಾತೇ ನಿಜ ಆಯ್ತು." ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು. "ಅವಳು ಹೋದ್ಮೇಲೆ ತಾನೇ ಗುಣ ಕಂಡಿದ್ದು? ಒಳಗೆ ಸೇರೋಕೆ ನಾಲ್ಕು ದಿವಸ ಹಿಡೀತು ಅಷ್ಟೆ. ಅವಳೇ ತಗೋತಿದ್ಲು ಅಂತ ಕಾಣತ್ತೆ. ನಾನು ಅವಳ ಪಕ್ಷ ಕಟ್ಕೊಂಡು ನಿನ್ನ ಹತ್ರ ಮಾತು ಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡಪ್ಪ, ನಂದು ತಪ್ಪು."

ವೃಂದಾ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು, ಕೈಯಲ್ಲಿ ಮಜ್ಜಿಗೆಯ ಲೋಟ. ಹೂಂ ಎಂದರೆ ಮುಗಿಯಿತು. ಹೂಂ ಎನ್ನದೆ ಸುಮ್ಮನಿದ್ದರೂ ಮುಗಿಯಿತು. ಅಮ್ಮನ ಕೈ ಬೆಚ್ಚಗಿತ್ತು. ಅವನ ತಲೆಯೊಳಗೆ ಅಭ್ಯಾಸಬಲದಿಂದ ಗಡಿಯಾರ ಓಡತೊಡಗಿತು. ಆರು, ಏಳು, ಔಷಧ ಕೊಡದ ಇಲಿಯೂ ಇಷ್ಟರಲ್ಲಿ ಕಾಲೆತ್ತುತ್ತದೆ. ಹದಿನಾಲ್ಕು. ನೆಲದ ಮೇಲೆ ಬಿದ್ದ ಡಬ್ಬಿ, ಟವೆಲ್, ಬಾಚಣಿಗೆ. ಹದಿನೆಂಟು. ಇಪ್ಪತ್ತಾಯಿತು, ಯಾವ ಕೈಯೂ ಬಂದು ಅವನನ್ನು ಎತ್ತಲಿಲ್ಲ.

"ಅಂಜಲೈ ತಗೊಂಡಿರಲಿಲ್ಲಮ್ಮ," ಎಂದ. ದನಿ ತನ್ನದಲ್ಲವೆಂಬಷ್ಟು ಸಣ್ಣಗಿತ್ತು. "ನೀನು ಹೇಳಿದ್ದೇ ಸರಿ. ಎರಡು ಮಾತ್ರೆಗೂ ಆಗಿಬರಲ್ಲ. ನಿನ್ನೆ ನಾನು ಚಿನ್ನದನ್ನ ಬದಲಾಯಿಸಿದೆ, ಅದಕ್ಕೇ ಗುಣ ಕಂಡಿದ್ದು. ಕಂಪನಿ ಬೇರೆ ಅಂದಿದ್ದು ಸುಳ್ಳು. ನಂಗೆ ಗೊತ್ತಿರಬೇಕಿತ್ತು. ಗೊತ್ತಿತ್ತು."

ಬೈಯುತ್ತಾಳೆಂದು ಕಾದ. ಬೈದಿದ್ದರೆ ಹಗುರಾಗುತ್ತಿತ್ತು. ಅಮ್ಮ ಅವನ ಮಣಿಕಟ್ಟನ್ನು ಬಿಟ್ಟು ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಳು. ವೃಂದಾ ಲೋಟವನ್ನು ಮೇಜಿನ ಮೇಲಿಟ್ಟ ಸದ್ದಾಯಿತು.

"ಅವಳು ಚೀಲ ಕೊಡವಿದಾಗ ನೀನು ನೋಡ್ಲಿಲ್ಲ," ಎಂದಳು ಗೋದಾಬಾಯಿ. "ನಾನು ನೋಡ್ದೆ ಗುರು. ತಲೆ ಎತ್ತಿ, ಬಾಚಣಿಗೆ ಅಡಿ ಏನಾದ್ರೂ ಇದೆಯಾ ಅಂತ ನೋಡ್ದೆ. ನಾನು ನೋಡ್ತಿರೋದನ್ನ ಅವಳು ನೋಡಿದ್ಲು. ಅದೇ ಬಾಚಣಿಗೇಲಿ ನಂಗೆ ತಲೆ ಬಾಚ್ತಿದ್ಲು."

ಅವನು ಕಿಸೆಯಿಂದ ಫೋನು ತೆಗೆದ.

"ಫೋನಲ್ಲಿ ಹೇಳಬೇಡ. ಈಗ್ಲೇ ಹೊರಡು, ನೀನೇ ಹೋಗು."

ಇನ್ನು ಮಾತಿಲ್ಲವೆಂಬಂತೆ ಅವಳು ಮಂಚದ ಅಂಚು ಹಿಡಿದು ನಿಧಾನವಾಗಿ ಹೊರಳತೊಡಗಿದಳು. ಅವನು ಚಾಚಿದ ಕೈಯನ್ನು ಹಿಡಿಯಲಿಲ್ಲ. ಹನ್ನೊಂದು ದಿನದಿಂದ ಹಾಸಿಗೆಗೆ ತಾಗಿಸಲಾಗದಿದ್ದ ಎಡ ಮಗ್ಗುಲನ್ನು ಊರಿ, ಮನೆಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಔಷಧ ಚೆನ್ನಾಗಿ ಕೆಲಸ ಮಾಡುತ್ತಿತ್ತು.